ಪುಟ್ಟಮಾದಪ್ಪ ಮೇಷ್ಟ್ರ ಅಥೆನ್ಸು

ಪುಟ್ಟಮಾದಪ್ಪ ಮೇಷ್ಟ್ರು ಅಥೆನ್ಸಿನ ಮಾತೆತ್ತಿದರೆ, ಅದು ಅವರ ಹೆಂಡತಿಯ ತವರೂರಿರಬೇಕು ಎಂದು ಹೊಸಬರು ತಿಳಿಯಬೇಕು, ಹಾಗಿರುತ್ತಿತ್ತು ಆ ಅಭಿಮಾನ. ತೆರಕಣಾಂಬಿ ಪಕ್ಕದ ನಮ್ಮೂರ ಹೈಸ್ಕೂಲಿನಲ್ಲಿ ಅವರು ಸಮಾಜ ಪಾಠ ಮಾಡುತ್ತಿದ್ದರು. ಪುಸ್ತಕದಲ್ಲಿ ಗ್ರೀಸಿಗೆ ಕೊಟ್ಟಿದ್ದು ಎರಡೋ ಮೂರೋ ಪುಟ, ಮೇಷ್ಟ್ರು ಕೊಡುತ್ತಿದ್ದದ್ದು ಇಡೀ ಮಳೆಗಾಲ. ಅಲ್ಲಿನ ಮುಖಂಡ ಪೆರಿಕ್ಲಿಸನ ಹೆಸರು ಬಂದಾಗ ತಾವೇ ಅವನ ಷಡ್ಡಕರೆಂಬಂತೆ ಮೀಸೆ ಸವರಿಕೊಳ್ಳುವರು.

"ಅಲ್ಲಿ ರಾಜ ಗೀಜ ಯಾರೂ ಇಲ್ಲ ಕಣ್ರಲಾ! ಜನವೆಲ್ಲ ಒಂದು ದಿಣ್ಣೆ ಮ್ಯಾಲೆ ಸೇರೋರು. ಮಡಕೆ ಮಾಡೋನೂ ಮಾತಾಡ್ಬೋದು, ಚಪ್ಪಲಿ ಒಲಿಯೋನೂ ಮಾತಾಡ್ಬೋದು. ಯುದ್ಧ ಬೇಕಾ ಬ್ಯಾಡ್ವಾ, ಕೈ ಎತ್ತಿ ಯೋಳೋರು. ಬಡವ್ರು ನಾಟಕ ನೋಡಾಕೆ ಊರೇ ಕಾಸು ಕೊಡೋದು. ಗುಡ್ಡದ ಮ್ಯಾಲೆ ಎಂಥಾ ದೇವಸ್ಥಾನ ಕಟ್ಟುದ್ರು ಅಂತೀರಿ!"

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅಥೆನ್ಸಿನವರು ಅಧಿಕಾರವನ್ನು ಚೀಟಿ ಎತ್ತಿ ಹಂಚುತ್ತಿದ್ದ ಸಂಗತಿ. ದುಡ್ಡು, ಕುಲ, ಬಾಯಿಜೋರು ಯಾವುದೂ ನಡೆಯುವುದಿಲ್ಲ, ಯಾರ ಹೆಸರು ಬಂತೋ ಅವರೇ ಕೂರಬೇಕು. ನಮ್ಮ ಕ್ಲಾಸ್ ಲೀಡರನ್ನೂ ಅವರು ಹಾಗೆಯೇ ಆರಿಸುತ್ತಿದ್ದರು.

ಒಂದು ದಿನ ನಾನು ಎದ್ದು ಕೇಳಿದೆ: "ಸಾರ್, ಎಲ್ರೂ ದಿಣ್ಣೆ ಮ್ಯಾಲೆ ಕೂತ್ರೆ ಹೊಲದ ಕೂಲಿಗೆ ಯಾರು ಓಗೋರು?"

ಮೇಷ್ಟ್ರು ಸೀಮೆಸುಣ್ಣ ಉರುಳಿಸುತ್ತಾ ನಿಂತರು. "ಗುಲಾಮರಿದ್ರು ಕಣಮ್ಮಿ. ಅವ್ರಿಗೂ ಎಂಗಸ್ರಿಗೂ ಸಭೇಲಿ ಜಾಗ ಇರ್ನಿಲ್ಲ. ಅದು ಪರೀಕ್ಷೆಗೆ ಬರಕಿಲ್ಲ, ಕೂತ್ಕೊ."

ಅವರು ಕೆಟ್ಟವರಾಗಿದ್ದರೆ ನನಗೆ ಈ ಸಂಕಟವೇ ಇರುತ್ತಿರಲಿಲ್ಲ. ಊರಾಚೆಯ ನಮ್ಮ ಹೊಲೆಗೇರಿಗೆ ಬಂದು, ಜಗಲಿ ಮೇಲೆ ಕೂತು, ಊರವರು ನೋಡಲಿ ಎಂದೇ ನಿಧಾನವಾಗಿ ಟೀ ಕುಡಿಯುತ್ತಿದ್ದ ಪುಣ್ಯಾತ್ಮ. ಗುಂಡ್ಲುಪೇಟೆಯ ಕಾಲೇಜಿಗೆ ಸ್ಕೂಟರಿನಲ್ಲಿ ಕರೆದೊಯ್ದು ನನ್ನನ್ನು ಸೇರಿಸಿದವರೂ ಅವರೇ. ಇವತ್ತು ಚಾಮರಾಜನಗರದ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದೇನೆ ಎಂದರೆ ಅದು ಅವರ ಋಣ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಸಮಿತಿಗೆ ಪೋಷಕರೊಳಗೆ ಒಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸಬೇಕಾಯಿತು. ಮೇಷ್ಟ್ರಿಗೆ ಅಥೆನ್ಸು ಮೈಮೇಲೆ ಬಂತು. ಚೀಟಿ ಎತ್ತೋಣ ಎಂದರು. ದೇವರ ಹತ್ತಿರ ಹೂ ಕೇಳಿದ ಹಾಗೇ ಅಲ್ಲವೇ ಎಂದು ಊರವರೂ ಒಪ್ಪಿದರು. ಎಲ್ಲರ ಹೆಸರನ್ನೂ ಚೊಂಬಿಗೆ ಹಾಕಿ, ಕಣ್ಣು ಮುಚ್ಚಿ ಎತ್ತಿದರು. ಬಂದದ್ದು ಚಿಕ್ಕತಾಯಮ್ಮ. ನನ್ನವ್ವ.

ನಾವು ಮಕ್ಕಳು ಕಿಟಕಿಗೆ ಜೋತುಬಿದ್ದಿದ್ದೆವು. ಅವ್ವ ಸೆರಗು ಸರಿಮಾಡಿಕೊಂಡು ಹೋಗಿ ಅಧ್ಯಕ್ಷರ ಕುರ್ಚಿಯ ತುದಿಯಲ್ಲಿ ಕೂತಳು. ಅರಿಶಿನದ ಹೊಲದಿಂದ ನೇರ ಬಂದವಳು, ಕೈಯೆಲ್ಲ ಹಳದಿ. ಯಾರೂ ಕೇಳುವ ಮುಂಚೆಯೇ ಅಂದಳು: "ಎಣ್ಣೈಕಳಿಗೆ ಒಂದು ಕಕ್ಕಸ್ ರೂಮ್ ಕಟ್ಸಿ ಮೊದ್ಲು. ಬೇಲಿ ಮರೆಗೆ ಓಗಿ ಸಾಯ್ತಾವೆ." ಅಯ್ಯೋ, ನನಗೆ ಎಷ್ಟು ಹೆಮ್ಮೆಯಾಯಿತು!

ಊರ ಯಜಮಾನರು ಎದ್ದರು. "ಮೇಷ್ಟ್ರೇ, ಚೊಂಬು ಸರಿಯಾಗಿ ಕುಲುಕ್ನಿಲ್ಲ ನೀವು. ಇನ್ನೊಂದು ಕಿತ ಎತ್ತಿ."

ಮೇಷ್ಟ್ರು ಇಲ್ಲ ಎನ್ನುತ್ತಾರೆ ಎಂದುಕೊಂಡೆ. ಅವರು ಅವ್ವನ ಕಡೆ ನೋಡಲಿಲ್ಲ. "ಸಭೆನೇ ತೀರ್ಮಾನ ಮಾಡ್ಲಿ. ಇನ್ನೊಂದ್ಸಲ ಎತ್ಬೇಕು ಅನ್ನೋರು ಕೈ ಎತ್ತಿ" ಎಂದರು. ಊರವರ ಕೈಗಳು ಎದ್ದವು. ನಮ್ಮ ಕೇರಿಯವರದೂ ಒಂದೊಂದಾಗಿ ಎದ್ದವು. ಬೆಳಗಾದರೆ ಊರವರ ಹೊಲಗಳಿಗೇ ಕೂಲಿಗೆ ಹೋಗಬೇಕಲ್ಲ, ಅವರಾದರೂ ಏನು ಮಾಡಿಯಾರು! ಅವ್ವ ತಾನೇ ಎದ್ದುಬಿಟ್ಟಳು. ಎರಡನೇ ಚೀಟಿ ಯಜಮಾನರ ತಮ್ಮನಿಗೆ ಬಂತು. ಎಲ್ಲರೂ ದೈವಚಿತ್ತ ಎಂದರು.

"ಕರೀದೆ ಇದ್ದಿದ್ರೆ ಒಂದು ತೂಕ ಕಣಮ್ಮಿ" ಎಂದಳು ಅವ್ವ ಮನೆಗೆ ಬಂದು. "ಎಲೆ ಆಕಿ, ಬಡಿಸಿ, ಎಬ್ಬುಸ್ಬುಟ್ರಲ್ಲ! ಆ ನಿಮ್ ಮೇಷ್ಟ್ರ ಬಾಯ್ಗೆ ಮಣ್ಣಾಕ." ನಾನು ಹತ್ತನೇ ಕ್ಲಾಸು ಮುಗಿಸುವ ತನಕ ಬೇಲಿ ಮರೆಗೇ ಹೋದೆ.

ಹೋದ ವರ್ಷ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಸಿಕ್ಕರು. ಬಡಕಲಾಗಿದ್ದರು. ಕೈ ಹಿಡಿದುಕೊಂಡು ಕೇಳಿದರು: "ಅವ್ವ ಎಂಗವ್ಳೆ?"

"ತೀರ್ಕೊಂಡ್ಲು ಸಾರ್."

"ಛೆ ಛೆ. ಒಳ್ಳೆ ಎಂಗ್ಸು ಕಣಮ್ಮ. ಅವತ್ತು ಒಂಚೂರೂ ಗಲಾಟೆ ಮಾಡ್ದೆ ಎದ್ಬುಟ್ಲು."

ಇಷ್ಟು ವರ್ಷ ಅದುಮಿಟ್ಟದ್ದು ಬಾಯಿಗೆ ಬಂದೇಬಿಟ್ಟಿತು. "ನೀವು ಕೈ ಎತ್ತಿದ್ರಾ ಸಾರ್ ಅವತ್ತು?"

ಅವರಿಗೆ ಬೇಸರವೇ ಆಗಲಿಲ್ಲ. ಪಾಠ ಒಪ್ಪಿಸುವ ಹುಡುಗಿಯ ತಪ್ಪು ತಿದ್ದುವಂತೆ, ಅಕ್ಕರೆಯಿಂದಲೇ ಹೇಳಿದರು: "ನಾನೆಲ್ಲಿ ಎತ್ತುದೆ? ನಾನು ಎಣುಸ್ತಿದ್ದೆ ಕಣಮ್ಮ."

ಈಚೆಗೆ ಅವರೂ ಹೋದರು. ಸುದ್ದಿ ಕೇಳಿ ಆಫೀಸಿನಲ್ಲೇ ಅತ್ತೆ. ಮಣ್ಣಿಗೆ ಹೋಗಲಿಲ್ಲ.