ಎರಡು ಕಪ್ಪು ಗೆರೆಗಳ ನಡುವೆ

ಸಫೀನಾಜಳ ಬಗ್ಗೆ ಈ ಅಲೆಕ್ಸಾಂಡ್ರಿಯಾದಲ್ಲಿ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ತಂಗಿಯ ಬಾಯಿಗೆ ಬಂದ ತುತ್ತು ಕಿತ್ತುಕೊಂಡಳಂತೆ! ಹಾಗೆನ್ನುವವರು ಒಂದು ದಿನವಾದರೂ ಅವಳ ಪಕ್ಕ ಕೂತಿದ್ದಾರೆಯೇ? ನಾನು ಕೂತಿದ್ದೇನೆ, ಒಂದೇ ಪ್ರಯೋಗಾಲಯದಲ್ಲಿ, ಅವಳು ಕೆಲಸಕ್ಕೆ ಸೇರಿದಾಗಿನಿಂದ.

ನಮ್ಮದು ಅಳತೆಯ ಕೆಲಸ. ಕೆಲವು ಔಷಧಿಗಳನ್ನು ಕೊಬ್ಬಿನ ಅತಿ ಸಣ್ಣ ಗುಳ್ಳೆಗಳೊಳಗೆ ತುಂಬಿ ರೋಗಿಯ ರಕ್ತಕ್ಕೆ ಬಿಡುತ್ತಾರೆ. ಆ ಗುಳ್ಳೆಯ ಪೊರೆ ಎಷ್ಟು ದಪ್ಪ ಎಂದು ನೋಡುವವರು ನಾವು. ಹನಿಯನ್ನು ರೆಪ್ಪೆ ಮಿಟುಕಿಸುವಷ್ಟರಲ್ಲಿ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟರೆ ಪೊರೆ ಎರಡು ಕಪ್ಪು ಗೆರೆಗಳಾಗಿ ಕಾಣುತ್ತದೆ. ಚಿತ್ರದಲ್ಲಿ ಎರಡೂ ಗೆರೆಗಳ ಮೇಲೆ ಗುರುತು ಹಾಕಿ ನಡುವಿನ ದೂರ ಅಳೆಯಬೇಕು, ಅಷ್ಟೇ. ಆದರೆ ಆ ಹಾಳು ಗೆರೆಗಳಿಗೆ ಸರಿಯಾದ ಅಂಚೇ ಇಲ್ಲ, ಮಸಿ ಹರಡಿದಂತಿರುತ್ತವೆ. ಗುರುತು ಚೂರು ಒಳಗೋ ಹೊರಗೋ ಸರಿದರೂ ಲೆಕ್ಕ ಬದಲಾಗುತ್ತದೆ. ಅದಕ್ಕೇ ನಮ್ಮಲ್ಲೊಂದು ಪದ್ಧತಿ: ಮಾದರಿಗಳ ಹೆಸರನ್ನು ನಾನು ಮುಚ್ಚಿಡುತ್ತೇನೆ, ಯಾವುದು ಯಾವುದೆಂದು ತಿಳಿಯದೆ ಅವಳು ಅಳೆಯುತ್ತಾಳೆ.

ಅವಳ ತಂಗಿ ಝೀನತ್ ಮದುವೆಯ ಬಟ್ಟೆ ಹೊಲಿಯುವವಳು. ಎದೆಯಲ್ಲಿ ಕ್ಯಾನ್ಸರ್ ಗಡ್ಡೆ. ಅವಳಿಗೆ ಕೊಡುತ್ತಿದ್ದುದೂ ಇಂಥದೇ ಔಷಧಿ, ಅದು ಗುಳ್ಳೆಯಿಂದ ಸೋರಿ ಅಂಗೈ, ಅಂಗಾಲಿನ ಚರ್ಮ ಸುಲಿದು ಹೋಗಿತ್ತು. ಸೂಜಿ ಹಿಡಿಯುವ ಮಾತಿರಲಿ, ರೊಟ್ಟಿ ಮುರಿಯಲೂ ಆಗುತ್ತಿರಲಿಲ್ಲ. ಅಷ್ಟರಲ್ಲಿ ನಮ್ಮ ಮುಖ್ಯಸ್ಥ ಡಾಕ್ಟರ್ ರವೂಫ್ ಹೊಸ ಬಗೆಯ ಗುಳ್ಳೆ ಮಾಡಿದರು. ಇದರ ಪೊರೆ ದಪ್ಪ, ಸೋರುವುದು ಕಡಿಮೆ ಎಂದು ಅವರ ನಂಬಿಕೆ. ಅಳತೆಯೂ ಹೌದೆಂದರೆ ಆಸ್ಪತ್ರೆಯಲ್ಲಿ ಕೆಲವರಿಗೆ ಕೊಟ್ಟು ನೋಡುವುದೆಂದಾಯಿತು. ಆ ಕೆಲವರಲ್ಲಿ ಝೀನತ್ ಕೂಡ ಒಬ್ಬಳು.

ಸರಿಯಾಗಿ ಆಗಲೇ ನನ್ನ ಮಂಡಿಗೆ ಶಸ್ತ್ರಚಿಕಿತ್ಸೆ. ನಾನು ಮನೆಯಲ್ಲಿ ಕಾಲು ಚಾಚಿ ಮಲಗಿದ್ದಾಗ ಸಫೀನಾಜ್ ಹೆಪ್ಪುಗಟ್ಟಿಸುವುದು, ಅಳೆಯುವುದು ಎರಡನ್ನೂ ಒಬ್ಬಳೇ ಮಾಡಿ ಮುಗಿಸಿದಳು. ಹೊಸ ಪೊರೆ ಅರ್ಧ ನ್ಯಾನೋಮೀಟರ್ ಹೆಚ್ಚು ದಪ್ಪ ಬಂತು. ನಾನು ಕುಂಟುತ್ತ ಮರಳಿದ ದಿನ ಅವಳು ಎಲ್ಲರಿಗೂ ರವೆಯ ಸಿಹಿ ಬಸ್ಬೂಸಾ ಹಂಚುತ್ತಿದ್ದಳು.

"ಬಾಯಿ ಸಿಹಿ ಮಾಡ್ಕೊಳ್ಳಿ ಬಹೀಗಾ ಅಬ್ಲಾ! ನಮ್ ಝೀನತ್ ಕೈ ಉಳೀತು." ಬಹೀಗಾ ಎಂಬ ನನ್ನ ಹೆಸರಿಗೆ ಅವಳು ಯಾವಾಗಲೂ ಅಬ್ಲಾ, ಅಂದರೆ ಅಕ್ಕ, ಎಂದು ಸೇರಿಸುತ್ತಾಳೆ.

"ಹೆಸ್ರು ಯಾರಮ್ಮ ಮುಚ್ಚಿಟ್ಟಿದ್ದು?" ಎಂದೆ.

ಅವಳ ಮುಖ ಸಪ್ಪಗಾಯಿತು. "ನೀವಿರ್ಲಿಲ್ವಲ್ಲ…"

"ಕೊಡಿಲ್ಲಿ. ಮುಚ್ಚಿ ಕೊಡ್ತೀನಿ, ಇನ್ನೊಂದ್ಸಲ ಅಳತೆ ಮಾಡು."

"ನಿಮ್ಗೆ ಮಂಡಿ ರಿಪೇರಿ ಮಾಡಿದ್ರೋ, ಅನುಮಾನದ ಸ್ಕ್ರೂ ಬಿಗಿ ಮಾಡಿದ್ರೋ?" ಎಂದು ನಕ್ಕಳು. ಆದರೂ ಕೂತಳು.

ಅವೇ ಚಿತ್ರಗಳು, ಅದೇ ಕೈ. ಸಂಜೆ ನಾನು ಹೆಸರುಗಳನ್ನು ತೆರೆದೆ. ಹಳೆಯದೂ ಹೊಸದೂ ಒಂದೇ ದಪ್ಪ! ಅವಳು ಬೇಕೆಂದು ಮಾಡಿದ್ದಲ್ಲ, ಎಲ್ಲಿ ಬೇಕಾದರೂ ಆಣೆಯಿಟ್ಟು ಹೇಳುತ್ತೇನೆ. ಹೊಸ ಗುಳ್ಳೆಯೆಂದು ಗೊತ್ತಿದ್ದಾಗಲೆಲ್ಲ ಕೈ ತಾನಾಗಿಯೇ ಗೆರೆಯ ಹೊರಗಂಚಿಗೆ ಹೋಗಿತ್ತು. ತಂಗಿಯೆಂದರೆ ಅವಳಿಗೆ ಅಷ್ಟು ಜೀವ.

"ಅಬ್ಲಾ, ಇದನ್ನ ಹೇಳಿದ್ರೆ ಎಲ್ಲಾ ನಿಂತೋಗತ್ತೆ."

"ನಿಂತೋಗತ್ತೆ, ಮಗಳೇ."

ಅವಳು ಬಹಳ ಹೊತ್ತು ಅತ್ತಳು. "ಆ ಔಷ್ದಿ ತಗೊಳ್ಳೋಳು ನಮ್ ಝೀನತ್ ಒಬ್ಳೇ ಅಲ್ವಲ್ಲ" ಎಂದು ಕಣ್ಣೊರೆಸಿಕೊಂಡು ರವೂಫರ ಕೋಣೆಗೆ ಹೋದಳು. ಆಸ್ಪತ್ರೆಯ ಪ್ರಯೋಗ ನಿಂತಿತು.

ತಂಗಿಗೆ ಹೇಳಲು ಒಬ್ಬಳೇ ಹೋಗುವ ಧೈರ್ಯ ಅವಳಿಗಿರಲಿಲ್ಲ, ನನ್ನನ್ನೂ ಕರೆದೊಯ್ದಳು. ಝೀನತ್ ತಣ್ಣೀರಿನ ಬೋಗುಣಿಯಲ್ಲಿ ಅಂಗೈ ಅದ್ದಿಕೊಂಡು ಕೂತಿದ್ದಳು. ಎಲ್ಲ ಕೇಳಿಸಿಕೊಂಡಳು.

"ಎಷ್ಟು ತಪ್ಪಾಗಿತ್ತು?"

"ಕೂದಲೆಳೆಗಿಂತ ಎಷ್ಟೋ ಕಮ್ಮಿ."

"ಅಷ್ಟನ್ನ ನಂಗೋಸ್ಕರ ಬಿಟ್ಬಿಡಕ್ಕಾಗ್ಲಿಲ್ವಾ ಅಕ್ಕ?"

"ಅದೂ ಸೋರ್ತಿತ್ತು ಕಣೇ. ನಿನ್ ಕೈ ಹೀಗೇ ಇರ್ತಿತ್ತು."

"ಸೋರ್ಲಿ! ಅಲ್ಲೀವರ್ಗಾದ್ರೂ ಆಸೆ ಇರ್ತಿತ್ತು ನಂಗೆ. ಎದ್ದೋಗು ಇಲ್ಲಿಂದ."

ಈಗಲೂ ಹಳೆಯ ಔಷಧಿಯೇ ನಡೆದಿದೆ. ಅಕ್ಕನಿಗೆ ಕೈ ಮುಟ್ಟಲು ಝೀನತ್ ಬಿಡುವುದಿಲ್ಲ, ಮುಲಾಮು ಹಚ್ಚುವುದು ನಾನೇ. ಸಫೀನಾಜ್ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ನಾನು ಬಾಗಿಲು ತೆರೆದರೆ ದಡಕ್ಕನೆ ಎದ್ದು ಕೇಳುತ್ತಾಳೆ, "ಚರ್ಮ ಹೇಗಿದೆ ಅಬ್ಲಾ?"

ಸ್ವಲ್ಪ ವಾಸಿ ಎನ್ನಲು ನಾಲಿಗೆಯ ತುದಿಗೆ ಬರುತ್ತದೆ. ಇವಳಿಗೆ ಹೇಗೆ ಸುಳ್ಳು ಹೇಳಲಿ?

"ಇವತ್ತು ಎಡಗೈಲೂ ರಕ್ತ ಬಂತಮ್ಮ" ಎನ್ನುತ್ತೇನೆ.