ಸರ್‌ಗೆ ಬಿಟ್ಟ ನಾಲ್ಕು ಪುಟ

ಹೊಲಿಗೆ ಯಂತ್ರದ ರಿಪೇರಿಗೆ ಬಂದವನು ಮೊನ್ನೆ ಬಿಡಿಭಾಗಗಳನ್ನೆಲ್ಲ ಬಿಚ್ಚಿ ಚಿಮಣಿ ಎಣ್ಣೆಯಲ್ಲಿ ನೆನೆಹಾಕಿದ. ಕಿಟಕಿ ತೆರೆದೆ. ವಾಸನೆ ಹೋಗಲಿಲ್ಲ. ಅದರ ಜೊತೆಗೆ ಬೈಲಹೊಂಗಲದ ಆ ಹಳೆಯ ಮುದ್ರಣಾಲಯ ನೆನಪಾಯಿತು, ಅದರ ಹಿಂದೆಯೇ ನಮ್ಮ ಸರ್...

ಹೈಸ್ಕೂಲಿನಲ್ಲಿ ಅವರು ನನಗೆ ಕನ್ನಡ ಕಲಿಸಿದವರು. ಮುಂದೆ ನಾನು ಸವದತ್ತಿಯಲ್ಲಿ ನರ್ಸ್ ಆದೆ. ಡ್ಯೂಟಿ ಮುಗಿಸಿ, ಸಮವಸ್ತ್ರ ಒಗೆದು ಹಾಕಿ, ಊಟಕ್ಕೆ ಮೊದಲು ಒಂದು ಗಂಟೆ ಬರೆಯುವುದು ನನ್ನ ರೂಢಿಯಾಗಿತ್ತು. ಹಾಗೆ ಕೆಲವು ಕತೆಗಳಾದವು, ಹೆಚ್ಚಿನವು ಹೆರಿಗೆ ವಾರ್ಡಿನವು. ಯಾರಿಗೂ ತೋರಿಸಿರಲಿಲ್ಲ. ಒಂದು ರಜೆಯ ದಿನ ಧೈರ್ಯ ಮಾಡಿ ಸರ್ ಮನೆಗೆ ಒಯ್ದೆ. ಅವರು ಜೋಕಾಲಿಯ ಮೇಲೆ ಕೂತು ಒಂದು ಕತೆಯನ್ನು ಪೂರ್ತಿ ಓದಿದರು.

"ತಂಗಿ, ಇದನ್ನ ಟ್ರಂಕಿನ್ಯಾಗ ಇಡಬ್ಯಾಡ. ಪುಸ್ತಕ ಮಾಡು. ಮುನ್ನುಡಿ ನಾ ಬರೀತೇನಿ. ಮೊದಲಿಗೆ ನಾಕು ಪುಟ ನನಗ ಬಿಡು."

ಆ ದಿನ ಮರಳಿ ಬರುವಾಗ ಬಸ್ಸಿನಲ್ಲಿ ಕೂತಿದ್ದೆನೋ ನಿಂತಿದ್ದೆನೋ ನೆನಪಿಲ್ಲ.

ಹಿರಿಯರ ಮುನ್ನುಡಿ ಇಲ್ಲದೆ ಹೊಸಬರು ಪುಸ್ತಕ ತರುವುದೆಂದರೆ, ಹಿರಿಯರನ್ನು ಬಿಟ್ಟು ಹೆಣ್ಣು ನೋಡಲು ಹೋದಂತೆ ಎಂದು ಆಗ ನಮ್ಮ ಕಡೆ ತಿಳಿಯುತ್ತಿದ್ದರು. ಕತೆಗಳನ್ನು ಬೈಲಹೊಂಗಲದ ಆ ಮುದ್ರಣಾಲಯಕ್ಕೆ ಕೊಟ್ಟೆ. ಅದರ ಮಾಲಕರ ಹತ್ತಿರ ಇದ್ದ ಸೀಸದ ಅಕ್ಷರದ ಮೊಳೆಗಳು ಒಮ್ಮೆಗೆ ಹದಿನಾರು ಪುಟಕ್ಕೆ ಸಾಲುವಷ್ಟು. ಅವು ಅಚ್ಚಾದ ಮೇಲೆ ಮೊಳೆ ಬಿಚ್ಚಿ, ತೊಳೆದು, ಮುಂದಿನ ಹದಿನಾರು ಪುಟ ಜೋಡಿಸಬೇಕು. ಮುನ್ನುಡಿಯನ್ನು ಕೊನೆಗೆ ಬೇರೆ ಅಚ್ಚು ಹಾಕಿ ಮುಂದೆ ಸೇರಿಸೋಣ ಎಂದು ಅವರು ಹೇಳಿ ನೋಡಿದರು. ಸರ್ ಹೇಳಿದಂತೆಯೇ ಆಗಲಿ ಎಂದೆ. ಮೊದಲ ಹದಿನಾರರಲ್ಲಿ ನಾಲ್ಕು ಪುಟ ಖಾಲಿ ಬಿಟ್ಟು ಉಳಿದದ್ದನ್ನು ಜೋಡಿಸಿಟ್ಟರು. ಆ ನಾಲ್ಕು ತುಂಬದೆ ಪುಸ್ತಕ ಮುಂದೆ ಹೋಗುವಂತಿರಲಿಲ್ಲ.

ಪ್ರತಿ ರಜೆಗೂ ಸರ್ ಮನೆಗೆ ಹೋದೆ. ಚಹಾ ಬರುತ್ತಿತ್ತು, ಮುನ್ನುಡಿ ಬರುತ್ತಿರಲಿಲ್ಲ.

"ಮುನ್ನುಡಿ ಅಂದ್ರ ಇಂಜೆಕ್ಷನ್ ಅಲ್ಲ ತಂಗಿ, ಚುಚ್ಚಿ ಕಳಸಾಕ."

"ಇಂಜೆಕ್ಷನ್ನೂ ಹೊತ್ತ ಮೀರಿ ಕೊಟ್ರ ಉಪಯೋಗ ಇಲ್ರಿ ಸರ."

ಅವರು ನಕ್ಕು ಅಡುಗೆಮನೆಯತ್ತ ಕೂಗಿದರು: "ಕೇಳಿದೇನು? ನರ್ಸಬಾಯಿ ನನಗ ಟೈಮ್ ಕಲಸಾಕತ್ತಾಳ."

ಲಗ್ನದ ದಿನಗಳು ಬಂದವು. ಮಾಲಕರು ಕೈ ಹಿಸುಕಿಕೊಂಡರು. "ಅಕ್ಕಾರ, ನನ್ನ ಮೊಳಿ ನಿಮ್ಮ ಕತಿಯಾಗ ಸಿಕ್ಕೊಂಡು ಕುಂತಾವ್ರಿ. ಉಳದ ಮೊಳಿಯಾಗ ಅಕ್ಷರ ಸಾಲಂಗಿಲ್ಲ. ಲಗ್ನಪತ್ರಿಕಿ ಯಾದರಾಗ ಹೊಡೀಲಿ?" ಇನ್ನೊಂದು ವಾರ ತಡೆಯಿರಿ ಎಂದು ಬೇಡಿಕೊಂಡೆ.

ಮುಂದಿನ ವಾರ ಹೋದಾಗ ಅವರು ಚಿಮಣಿ ಎಣ್ಣೆಯಲ್ಲಿ ಮೊಳೆ ತೊಳೆಯುತ್ತಿದ್ದರು. ನನ್ನ ಪುಟಗಳನ್ನು ಜೋಡಿಸಿಟ್ಟಿದ್ದ ಕಲ್ಲಿನ ಮೇಜು ಬರಿದಾಗಿತ್ತು. ಕೈ ಒರೆಸಿಕೊಂಡು ಒಂದು ಲಗ್ನಪತ್ರಿಕೆಯನ್ನು ನನ್ನ ಕೈಗಿಟ್ಟರು. ಸರ್ ಮಗಳ ಮದುವೆಯದು.

"ಸರ ಖುದ್ದ ಬಂದಿದ್ರು. ಪತ್ರಿಕಿ ಬರದ ತಂದಿದ್ರು, ಇಲ್ಲೇ ಕುಂತು ತಿದ್ದಿದ್ರು. ಮೊಳಿ ಖಾಲಿ ಇಲ್ರಿ ಅಂದೆ. ಆ ಹುಡಿಗೀದು ಬಿಚ್ಚರಿ, ಅದೇನ ಓಡಿ ಹೋಗತೈತೇನು ಅಂದ್ರು."

ಪತ್ರಿಕೆ ಚೆಂದವಾಗಿತ್ತು. ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ.

ಮದುವೆಗೆ ಹೋದೆ. ಸರ್ ಬೀಗರಿಗೆ ನನ್ನನ್ನು ತೋರಿಸಿ, "ನಮ್ಮ ಹುಡಿಗಿ. ಭಾಳ ಚಲೋ ಕತಿ ಬರೀತಾಳ" ಎಂದರು. ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಆಮೇಲೆ ಅವರು ಮುನ್ನುಡಿಯ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಊಟಕ್ಕೆ ಮೊದಲಿನ ಆ ಒಂದು ಗಂಟೆ ಸುಮ್ಮನೆ ಕೂರುವುದು ಆಗದೆ, ಈ ಹೊಲಿಗೆ ಯಂತ್ರ ಕೊಂಡೆ.

ಸರ್ ಹೋದ ವರ್ಷ ತೀರಿಕೊಂಡರು. ಶಿಷ್ಯರು ಸೇರಿ ನೆನಪಿನ ಸಂಪುಟ ತರುತ್ತಿದ್ದಾರೆ. ಅವರಲ್ಲೊಬ್ಬರು ಫೋನು ಮಾಡಿದ್ದರು. "ಅಕ್ಕಾರ, ಸರ ನಿಮ್ಮ ಕತಿ ಬಗ್ಗೆ ಭಾಳ ಹೇಳತಿದ್ರು. ನಿಮಗಂತ ನಾಕು ಪುಟ ಬಿಟ್ಟೇವ್ರಿ."

ಟ್ರಂಕಿನಿಂದ ಆ ಕತೆಗಳನ್ನು ತೆಗೆದು ಓದಿದೆ. ಬರೆದವಳು ಬೇರೆ ಯಾರೋ ಅನ್ನಿಸಿತು... ಚಲೋ ಬರೆಯುತ್ತಿದ್ದಳು. ಮಡಚಿ ಒಳಗಿಟ್ಟೆ.

ಸಂಪುಟದವರು ಹೇಳಿದ ದಿನಕ್ಕಿಂತ ಮೊದಲೇ ಈ ಬರಹ ಕಳಿಸುತ್ತಿದ್ದೇನೆ. ನನ್ನ ಹೆಸರಿನಲ್ಲಿ ಮೊದಲ ಸಲ ಅಚ್ಚಾಗುವ ಈ ನಾಲ್ಕು ಪುಟಗಳೂ ಸರ್‌ಗೇ ಹೋದವು.