ಪ್ಯಾರಾಶೂಟ್ ಹಗ್ಗದ ಬಾರುಕೋಲು

ನಮ್ಮ ಮಾವನವರ ಬಾರುಕೋಲನ್ನು ನಾಯಿ ತಿಂದುಬಿಟ್ಟಿತು. ಕೋಲನ್ನಲ್ಲ, ಅದರ ತುದಿಗೆ ಕಟ್ಟಿದ್ದ ಚರ್ಮದ ಬಾರನ್ನು. ಮಾವ ಅದಕ್ಕೆ ಹರಳೆಣ್ಣೆ ಹಚ್ಚಿ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟಿದ್ದರು. ಬೀದಿನಾಯಿಗೆ ಒಗ್ಗರಣೆ ಹಾಕಿ ಬಡಿಸಿಟ್ಟ ಹಾಗೆ ಕಂಡಿರಬೇಕು. ಮಾವ ಆ ಹೊತ್ತು ಊಟಕ್ಕೇ ಏಳಲಿಲ್ಲ. ಅತ್ತೆ ಮಾತ್ರ ತಾಟು ಮುಂದಿಟ್ಟು, "ನಾಯಿ ಉಂಡೈತಿ, ಇನ್ನ ನೀವು ಉಣ್ರಿ" ಅಂದರು.

ನಾನು ಹೊಸಪೇಟೆಯ ಚಿತ್ತವಾಡ್ಗಿಯಿಂದ ಮದುವೆಯಾಗಿ ಕಮಲಾಪುರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಣಿಯ ಅಬ್ಬರದ ಕಾಲ ಅದು. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಹೊಸಪೇಟೆಯ ರಸ್ತೆಗಳಲ್ಲಿ ಹಗಲಿಡೀ ತುಂಬಿರುತ್ತಿದ್ದವು. ತವರಲ್ಲಿ ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿ ಆಗಿರುತ್ತಿತ್ತು; ನಮ್ಮಪ್ಪನನ್ನು ಯಾರೋ ಸ್ವಾಮಿಗಳು ಅಂದುಕೊಂಡು ಕೈಮುಗಿದದ್ದೂ ಉಂಟು. ಕಮಲಾಪುರದಲ್ಲಿ ಕಬ್ಬು ಸಾಗಿಸಲು ಎಲ್ಲರೂ ಟ್ರ್ಯಾಕ್ಟರ್ ಹಿಡಿಯುತ್ತಿದ್ದರು. ಮಾವ ಮಾತ್ರ ತಮ್ಮ ಎತ್ತಿನ ಗಾಡಿ ಬಿಡಲೊಲ್ಲರು. ಎತ್ತುಗಳ ಮೈಮೇಲೆ ಅವರು ಒಂದೇಟೂ ಹಾಕಿದವರಲ್ಲ. ಬಾರನ್ನು ತಲೆಯ ಮೇಲೆ ಬೀಸಿ ಗಾಳಿಯಲ್ಲಿ 'ಚಟ್' ಅನ್ನಿಸಿದರೆ ಸಾಕು, ಎತ್ತುಗಳು ಹೆಜ್ಜೆ ಚುರುಕು ಮಾಡುತ್ತಿದ್ದವು. ಬಾರಿಲ್ಲದೆ ಮಾವ ಬಾಯಲ್ಲೇ ಎಷ್ಟು ಕೂಗಿದರೂ ಅವು ಕಿವಿ ಅಲ್ಲಾಡಿಸಿ ನಿಂತಲ್ಲೇ ನಿಲ್ಲುತ್ತಿದ್ದವು.

ಬಾರು ಹೆಣೆದುಕೊಡುತ್ತಿದ್ದ ಮನುಷ್ಯ ಗಣಿಯ ಕೆಲಸಕ್ಕೆ ಸೇರಿಬಿಟ್ಟಿದ್ದ. ಮಾವ ಸಂಡೂರಿನ ತನಕ ಹುಡುಕಿಕೊಂಡು ಹೋದರೆ, ಅವನು ಹಳದಿ ಹೆಲ್ಮೆಟ್ ಸರಿಮಾಡಿಕೊಳ್ಳುತ್ತ, "ಈಗ ಯಾರ್ರೀ ಬಾರು ಹೆಣೀತಾರ?" ಎಂದು ನಕ್ಕನಂತೆ.

ನನ್ನ ಗಂಡನಿಗೆ ಹಂಪಿಯಲ್ಲಿ ಸೈಕಲ್ ಬಾಡಿಗೆ ಅಂಗಡಿ ಇತ್ತು. ಚಳಿಗಾಲ ಬಂತೆಂದರೆ ಬೆನ್ನಿಗೆ ಹಾಸಿಗೆ ಕಟ್ಟಿಕೊಂಡು ಬಂಡೆ ಹತ್ತುವ ಫಾರಿನ್ ಜನ ಅಲ್ಲಿಗೆ ಬರುತ್ತಿದ್ದರು. ಬಿದ್ದರೆ ಹಾಸಿಗೆಯ ಮೇಲೇ ಬೀಳಬೇಕು ಎಂಬುದು ಅವರ ಲೆಕ್ಕ. ಅವರಲ್ಲೊಬ್ಬ ಹೆಂಗಸು ಊರಿಗೆ ಹೊರಡುವಾಗ ಎರಡು ಸುರುಳಿ ಹಗ್ಗ ಗಂಡನ ಕೈಗಿಟ್ಟಿದ್ದಳು. ಒಂದು ಕಿತ್ತಳೆ, ಇನ್ನೊಂದು ಗಿಳಿಹಸಿರು. ಪ್ಯಾರಾಕಾರ್ಡ್ ಅಂತ ಅದರ ಹೆಸರು, ಪ್ಯಾರಾಶೂಟಿಗೆ ಕಟ್ಟುವ ಹಗ್ಗವಂತೆ. "ಬಟ್ಟಿ ಒಣಹಾಕಾಕ ಮಸ್ತ್ ಆಕ್ಕತಿ" ಎಂದು ಗಂಡ ತಂದುಕೊಟ್ಟ.

ನಾನು ಅದರ ತುದಿ ಬಿಚ್ಚಿ ನೋಡಿದೆ. ಮೇಲೆ ಬಣ್ಣದ ಹೆಣಿಗೆಯ ಸಿಪ್ಪೆ, ಒಳಗೆ ಬಿಳಿ ದಾರಗಳು. ತವರಲ್ಲಿ ಪ್ಲಾಸ್ಟಿಕ್ ವೈರಿನ ಬುಟ್ಟಿ ಹೆಣೆದು ಬೆಳೆದವಳು ನಾನು. ಕೈ ಸುಮ್ಮನಿರಲಿಲ್ಲ.

"ಮಾವಾರ, ಬಾರು ನಾ ಹೆಣೀಲೇನ್ರಿ?"

"ಅದೇನು ಜಡಿ ಅಂತ ಮಾಡೀಯೇನವ್ವ?"

"ಜಡಿ ಇದ್ದಂಗ ಐತಲ್ರಿ" ಅಂದೆ.

ಮೊದಲ ಸಲ ಆದದ್ದು ನಿಜವಾಗಿಯೂ ಜಡೆಯೇ. ಬುಡದಿಂದ ತುದಿಯವರೆಗೆ ಒಂದೇ ದಪ್ಪ. ಮಾವ ಬೀಸಿದರೆ ಸತ್ತ ಹಾವಿನ ಹಾಗೆ ಕಾಲ ಬಳಿ ಬಿತ್ತು. ಅವರು ನಗಲಿಲ್ಲ, ಮೀಸೆ ಮಾತ್ರ ನಡುಗಿತು. ಬಿಚ್ಚಿ ಮತ್ತೆ ಹಿಡಿದೆ. ಒಳದಾರ ಎಳೆದು ತೆಗೆದರೆ ಸಿಪ್ಪೆ ಚಪ್ಪಟೆಯಾಗಿ ಒಂದರ ಮೇಲೊಂದು ಬಿಗಿಯಾಗಿ ಕೂರುತ್ತದೆ, ಕೆಳಗಿಳಿದಂತೆ ಒಂದೊಂದೇ ಎಳೆಯನ್ನು ಒಳಗೆ ಅಡಗಿಸುತ್ತ ಹೋದರೆ ಬಾರು ಇಲಿಯ ಬಾಲದ ಹಾಗೆ ಸಣ್ಣಗಾಗುತ್ತದೆ ಎಂಬುದು ಹೆಣೆಯುತ್ತ ತಿಳಿಯಿತು. ಬುಡವನ್ನು ಕಿಟಕಿಯ ಸರಳಿಗೆ ಕಟ್ಟಿ, ಗೋಡೆಗೆ ಕಾಲು ಕೊಟ್ಟು ಎಳೆದೆಳೆದು ಹೆಣೆದೆ. ಅತ್ತೆ ಬಾಗಿಲಲ್ಲಿ ನಿಂತು ಪಕ್ಕದ ಮನೆಯವರಿಗೆ, "ನಮ್ಮ ಸೊಸಿ ಕಿಟಕಿಗೆ ಜಡಿ ಹಾಕಾಕ ಹತ್ಯಾಳ, ಹೂವ ಇದ್ರ ಕೊಡ್ರಿ" ಎಂದು ಕೂಗಿ ಹೇಳಿದರು. ಎಳೆಗಳ ತುದಿ ಬಿಚ್ಚದಂತೆ ಬೆಂಕಿಕಡ್ಡಿಯಲ್ಲಿ ಸುಟ್ಟು ಒತ್ತಬೇಕು. ಒತ್ತಲು ಹೋಗಿ ಹೆಬ್ಬೆರಳಿಗೆ ಗಿಳಿಹಸಿರು ಬೊಟ್ಟು ಅಂಟಿಸಿಕೊಂಡೆ.

ರೂಪ ಬಂತು, ತೂಕ ಬರಲಿಲ್ಲ. ನೈಲಾನ್ ಹಗುರ, ಗಾಳಿ ಬೀಸಿದತ್ತ ಹೋಗುತ್ತದೆ. ಒಳಗೆ ಭಾರದ್ದೇನಾದರೂ ತುಂಬಬೇಕು. ನಮ್ಮ ಕಡೆ ಭಾರದ ವಸ್ತುವಿಗೇನು ಬರ? ಮುಂದಿನ ಸಲ ತವರಿಗೆ ಹೋದಾಗ, ರಸ್ತೆಯ ಉಬ್ಬಿನ ಬಳಿ ಲಾರಿಗಳು ಕುಲುಕಿ ಚೆಲ್ಲಿಹೋದ ಅದಿರಿನ ಪುಡಿಯನ್ನು ಗುಡಿಸಿ ಚೀಲಕ್ಕೆ ತುಂಬಿಕೊಂಡೆ. ಖಾಲಿ ಮಾಡಿದ ಹಗ್ಗದ ಸಿಪ್ಪೆಯೊಳಗೆ, ರೀಫಿಲ್ ತೆಗೆದ ಬಾಲ್‌ಪೆನ್ನನ್ನು ಲಾಳಿಕೆ ಮಾಡಿಕೊಂಡು ಆ ಪುಡಿಯನ್ನು ಇಳಿಸಿದೆ. ಅದನ್ನೇ ತಿರುಳಾಗಿಟ್ಟು ಸುತ್ತಲೂ ಮತ್ತೊಮ್ಮೆ ಹೆಣೆದೆ. ಮೊದಲು ತೆಗೆದಿಟ್ಟಿದ್ದ ಬಿಳಿ ದಾರ ಹೊಸೆದು ತುದಿಗೆ ಕುಚ್ಚು ಕಟ್ಟಿದೆ.

ಮಾವ ಅದನ್ನು ಹಳೆಯ ಕೋಲಿಗೆ ಬಿಗಿದು, ಅಂಗಳದ ನಡುವೆ ನಿಂತು ಬೀಸಿದರು. 'ಢಂ' ಅಂದಿತು! ಕೋಳಿ ಹಾರಿ ಮಾಳಿಗೆ ಸೇರಿತು. ಒಳಗೆ ಅತ್ತೆಯ ಕೈಯಿಂದ ಪಾತ್ರೆ ಬಿತ್ತು. ಬಾರಿನಿಂದ ಕೆಂಪು ಧೂಳು ಒಂದು ಸಣ್ಣ ಮೋಡವಾಗಿ ಎದ್ದು ಮಾವನ ಮುಖದ ಮೇಲೆ ಇಳಿಯಿತು.

"ಎಲಾ ಇದರ!" ಅಂದರು ಮಾವ. ನಾನು ಮದುವೆಯಾಗಿ ಬಂದಮೇಲೆ ಅವರ ಹಲ್ಲು ಕಂಡದ್ದು ಅದೇ ಮೊದಲು.

ಆ ವಾರವೇ ಕಬ್ಬು ಹೇರಿಕೊಂಡು ಹೊಸಪೇಟೆಯ ಕಾರ್ಖಾನೆಗೆ ಹೊರಟರು. ತವರಿಗೆ ಹೋಗುವ ನೆವ ಹೇಳಿ ನಾನೂ ಗಾಡಿ ಹತ್ತಿದೆ. ಊರು ಹತ್ತಿರ ಬಂದಾಗ ರೈಲ್ವೆ ಗೇಟ್ ಹಾಕಿತ್ತು. ಮುಂದೆ ಅದಿರಿನ ಲಾರಿಗಳ ಸಾಲು, ಹಿಂದೆಯೂ ಲಾರಿಗಳೇ, ನಡುವೆ ನಮ್ಮ ಎರಡು ಎತ್ತು. ರೈಲು ಹೋಗಿ ಗೇಟ್ ಎದ್ದಿತು. ಸಾಲು ಅಲುಗಿತು. ಎತ್ತುಗಳು ಮಾತ್ರ ಅಲುಗಲಿಲ್ಲ. ಹಿಂದಿನಿಂದ ಹಾರ್ನ್‌ಗಳು ಶುರುವಾದವು. ಮಾವ ಎದ್ದು ನಿಂತು ಬಾರು ಬೀಸಿದರು.

'ಢಂ!' ಕೆಂಪು ಹೊಗೆ.

ನಮ್ಮ ಮುಂದಿನ ಲಾರಿ ಗಕ್ಕನೆ ನಿಂತಿತು. ಡ್ರೈವರ್ ಕೆಳಗೆ ಹಾರಿ, "ಲೇ, ಟೈರ್ ಹೋತು ನೋಡಲೇ!" ಎಂದು ಕ್ಲೀನರ್‌ಗೆ ಕೂಗಿದ. ನಮ್ಮ ಹಿಂದಿನ ಲಾರಿಯವನೂ ಇಳಿದ. ಅವನ ಹಿಂದಿನವನೂ ಇಳಿದ. ಎಲ್ಲರೂ ತಮ್ಮ ತಮ್ಮ ಟೈರುಗಳನ್ನು ರಾಡಿನಿಂದ ಟಣ್ ಟಣ್ ಬಡಿಯುತ್ತ, ಬಗ್ಗಿ ಮೂಸಿ ನೋಡುತ್ತ ಸುತ್ತಿದರು. ಅಷ್ಟರಲ್ಲಿ ನಮ್ಮ ಎತ್ತುಗಳು ನಿಂತ ಲಾರಿಯ ಪಕ್ಕದ ಮಣ್ಣಿಗಿಳಿದು, ಎದುರಿನ ಖಾಲಿ ಜಾಗಕ್ಕೆ ನುಗ್ಗಿ, ಗೇಟ್ ದಾಟಿಬಿಟ್ಟವು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಬ್ಬಿನ ಮೇಲೆ ಹೊರಳಾಡಿ ನಗುತ್ತಿದ್ದೆ.

ಸ್ವಲ್ಪ ದೂರದಲ್ಲಿ ಆ ಮುಂದಿನ ಲಾರಿಯವನೇ ಓಡೋಡಿ ಬಂದು ಗಾಡಿಗೆ ಅಡ್ಡ ನಿಂತ.

"ಯಜಮಾನ್ರ, ಏನ್ ಹೊಡದ್ರಿ ಅದು?"

ಮಾವ ಅಳುಕುತ್ತ ಬಾರು ತೋರಿಸಿದರು. ಅವನು ಮುಟ್ಟಿ, ತೂಗಿ ನೋಡಿದ. ಅಂಗೈ ಕೆಂಪಾಯಿತು. ಮೂಸಿದ. "ಇದು ನಮ್ಮ ಮಾಲೇ ಐತಲ್ರಿ!" ಎಂದವನೇ ಜೋರಾಗಿ ನಕ್ಕ. "ಇನ್ನೊಂದ್ಸಲ ಹೊಡೀರಿ ನೋಡೋಣು. ನನ್ನ ಲಾರಿ ಮುಂದ ಕಟ್ಟಾಕ ಇಂಥಾದೊಂದು ಬೇಕ್ರಿ, ದೃಷ್ಟಿ ಆಗಬಾರ್ದು ನೋಡ್ರಿ. ಎಲ್ಲಿ ಸಿಗತೈತಿ?"

"ಅಂಗಡ್ಯಾಗ ಸಿಗಂಗಿಲ್ಲಪ್ಪ" ಅಂದರು ಮಾವ. ಬೆನ್ನು ನೆಟ್ಟಗಾಗಿತ್ತು. "ನನ್ನ ಸೊಸಿ ಹೆಣದಾಳ."

ಅವನಿಗೊಂದು, ಅವನ ಗೆಳೆಯನಿಗೊಂದು ಹೆಣೆದುಕೊಡುವಷ್ಟರಲ್ಲಿ ಹಗ್ಗ ಮುಗಿಯಿತು. ಮಾವನ ಬಾರಿನಲ್ಲಿದ್ದ ಅದಿರೂ ದಿನಕ್ಕಷ್ಟು ಸೋರಿಹೋಯಿತು. ಗಂಡ ಅಂಗಡಿಯಿಂದ ಸೈಕಲ್ ಬೇರಿಂಗಿನ ಹಳೆಯ ಉಕ್ಕಿನ ಗುಂಡುಗಳನ್ನು ತಂದುಕೊಟ್ಟ. ತಿರುಳು ಬದಲಿಸಿ ಅವನ್ನು ತುಂಬಿದೆ. ಸದ್ದು ಹಾಗೇ ಉಳಿಯಿತು, ಹೊಗೆ ಹೋಯಿತು. ಹೊಗೆ ಇದ್ದದ್ದೇ ಚೆನ್ನಾಗಿತ್ತು ಎಂದು ಮಾವ ಪೇಚಾಡಿದರು.

ಒಂದು ಮಧ್ಯಾಹ್ನ ನಾನು ಹಿತ್ತಲಿನಿಂದ ಬರುತ್ತೇನೆ, ಅತ್ತೆ ಅಂಗಳದಲ್ಲಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಾರುಕೋಲು ಹಿಡಿದು ನಿಂತಿದ್ದಾರೆ. ಬೀಸಿದರು. ಬಾರು ಹೋಗಿ ಒಣಹಾಕಿದ್ದ ಮಾವನ ಧೋತರಕ್ಕೆ ಸುತ್ತಿಕೊಂಡು ತಂತಿಯ ಸಮೇತ ಕೆಳಗೆಳೆಯಿತು. ನಾನು ಬಿಡಿಸಲು ಓಡಿದೆ.

"ನಗಬ್ಯಾಡ ಲೇ" ಅಂದರು ಅತ್ತೆ, ಕೋಲು ಬಿಡದೆ. "ಜಲ್ದಿ ಬಿಡಿಸು. ಈ ಸಲ ಸದ್ದು ಬರತೈತಿ."